ಫೈಬರ್ ಸುರುಳಿ ಇಡುವ ಬ್ರಾಕೆಟ್: ಪಟ್ಟಿ ಗುಂಡಗೆ ಬಗ್ಗುತ್ತಿಲ್ಲ, ಏನು ಮಾಡಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಸಣ್ಣ ಮಟ್ಟದಲ್ಲಿ ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡುತ್ತೇನೆ. ಮೊದಲು ಟಿವಿ ಕೇಬಲ್ ಇತ್ತು. ಈಗಲೂ ಅದೇ ಕಂಬ, ಅದೇ ಏಣಿ. ಕಂಬಗಳು ನಮ್ಮವೇ, ಜಿಐ (ಸತುವು ಲೇಪಿಸಿದ ಕಬ್ಬಿಣ) ಪೈಪಿನವು, ಕರೆಂಟ್ ಕಂಬ ಅಲ್ಲ. ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಮೊದಲ ಹತ್ತು ಉತ್ತರ ಅದೇ ಬರುತ್ತದೆ.

ವಿಷಯಕ್ಕೆ ಬರುತ್ತೇನೆ. ಜಾಯಿಂಟ್ ಇರುವ ಕಂಬದಲ್ಲಿ 15 ಮೀಟರ್ ಕೇಬಲ್ ಹೆಚ್ಚಿಗೆ ಬಿಟ್ಟಿರುತ್ತೇವೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಿತ್ತರೆ ಎಳೆದುಕೊಳ್ಳೋಕೆ ಬೇಕಲ್ಲ. ಜಾಯಿಂಟ್ ಡಬ್ಬ ಕೆಳಗಿಳಿಸಿ ನೆಲದ ಮೇಲೆ ಕೂತು ಕೆಲಸ ಮಾಡೋಕೂ ಬೇಕು. ಇಲ್ಲಿಯವರೆಗೆ ಆ ಸುರುಳಿಯನ್ನು ಬೈಂಡಿಂಗ್ ವೈರ್‌ನಲ್ಲಿ ಕಂಬಕ್ಕೆ ಬಿಗಿಯುತ್ತಿದ್ದೆವು. ಹೋದ ಮಳೆಗಾಲ ಒಂದು ಲೈನಿನಲ್ಲಿ ಸಿಗ್ನಲ್ ಮೈನಸ್ 21ರಿಂದ ಮೈನಸ್ 27.6 ಡಿಬಿಎಂಗೆ ಇಳಿಯಿತು (ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಾದಷ್ಟು ಸಿಗ್ನಲ್ ಕಡಿಮೆ). ಹನ್ನೊಂದು ಮನೆಯಲ್ಲಿ ಕೆಂಪು ಲೈಟ್. ಏಣಿ ಹತ್ತಿ ನೋಡಿದರೆ ಗಾಳಿಗೆ ಸುರುಳಿ ಜಗ್ಗಿ, ವೈರ್ ಕಟ್ಟಿದ ಜಾಗದಲ್ಲಿ ಕೇಬಲ್ ಮೊಣಕೈ ಥರ ಮಡಚಿಕೊಂಡಿತ್ತು. ಬಿಚ್ಚಿದ ತಕ್ಷಣ ಮೈನಸ್ 21.4. ಬೇರೇನೂ ಮಾಡಲಿಲ್ಲ, ಸುಮ್ನೆ ಬಿಚ್ಚಿದೆ ಅಷ್ಟೇ.

ಅದಕ್ಕೇ ಬ್ರಾಕೆಟ್ ಮಾಡೋಣ ಅಂತ ಹೊರಟಿದ್ದೇನೆ. 25×3 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಪಟ್ಟಿ ತಂದೆ. 400 ಎಂಎಂ ಅಗಲದ ಮರದ ಚಕ್ರ ಕೊಯ್ಯಿಸಿ, ಅದರ ಸುತ್ತ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದೆ. ಕೈ ಬಿಟ್ಟರೆ ಬಾಯಿ ತೆರೆಯುತ್ತದೆ. ಮತ್ತೆ ಬಡಿದರೆ ಒಂದು ಕಡೆ ಮೂಲೆ, ಇನ್ನೊಂದು ಕಡೆ ನೇರ. ಬಂದದ್ದು ಬಳೆ ಅಲ್ಲ, ಮೊಟ್ಟೆ. ಬ್ರಾಕೆಟ್ 40 ಬೇಕು. ದಾರಿ ಹೇಳಿ.

ಪೀಣ್ಯದ ಪತ್ರಾ
ಮೂರು ಪ್ರಶ್ನೆ. ಕೇಬಲ್ ಎಷ್ಟು ದಪ್ಪ? 400 ಅನ್ನೋ ಲೆಕ್ಕ ಎಲ್ಲಿಂದ ಬಂತು? ಪಟ್ಟಿಯನ್ನು ಚಪ್ಪಟೆ ಮುಖಕ್ಕೆ ಬಗ್ಗಿಸುತ್ತಿದ್ದೀರೋ, ಅಂಚಿಗೋ? ಅಂಚಿಗೆ ಬಗ್ಗಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಮನೆಯ ಸುತ್ತಿಗೆಗೆ ಆಗುವ ಕೆಲಸ ಅಲ್ಲ, ಒಳಗಿನ ಅಂಚು ಸುಕ್ಕುಗಟ್ಟುತ್ತದೆ.

ತುಂಗಾತೀರ
ಚಪ್ಪಟೆ ಮುಖಕ್ಕೇ. ಕೇಬಲ್ 24 ಕೋರ್ (ಅಂದರೆ ಒಳಗೆ 24 ಗಾಜಿನ ಎಳೆ), ಹೊರಗಿನ ಡಯಾ 10 ಎಂಎಂ, ಒಳಗೆ ಕಬ್ಬಿಣ ಇಲ್ಲದ್ದು. ಎಳೆಯುವಾಗ ದಪ್ಪದ 20 ಪಟ್ಟು ರೇಡಿಯಸ್, ಸುಮ್ಮನೆ ಕೂತಿರುವಾಗ 10 ಪಟ್ಟು ಅಂತ ಕೇಬಲ್ ಕಾಗದದಲ್ಲಿದೆ. ಗಾಳಿಗೆ ಅಲ್ಲಾಡುವ ಜಾಗ, 20 ಪಟ್ಟೇ ಇರಲಿ ಅಂದುಕೊಂಡೆ. 200 ರೇಡಿಯಸ್ ಅಂದರೆ 400 ಡಯಾ.

ಕೋರಮಂಗಲ ನೆಟ್‌ವರ್ಕ್
ಲೆಕ್ಕ ಸರಿ. ಆದರೆ ಒಂದು ಅನುಮಾನ ಹಲವರಿಗೆ ಬರುತ್ತದೆ. ಗಾಜಿನ ಎಳೆ ಅಷ್ಟು ಚಿಕ್ಕದಾಗಿ ಬಗ್ಗುವಾಗ ಕೇಬಲ್‌ಗೆ ಯಾಕೆ 400?

ಸಾಮಾನ್ಯ ಜಿ.652.ಡಿ ಎಳೆಯನ್ನು 30 ಎಂಎಂ ರೇಡಿಯಸ್‌ನಲ್ಲಿ 100 ಸುತ್ತು ಸುತ್ತಿದರೂ ನಷ್ಟ 0.1 ಡಿಬಿ ದಾಟಬಾರದು ಅಂತ ನಿಯಮ. ಮನೆಯೊಳಗೆ ಬರುವ ಜಿ.657.ಎ2 ಎಳೆ 7.5 ಎಂಎಂ ರೇಡಿಯಸ್‌ವರೆಗೂ ತಾಳುತ್ತದೆ. ಅಂದರೆ ಇಲ್ಲಿ ಗಾಜು ಅಡ್ಡಿಯಲ್ಲ, ಅದರ ಸುತ್ತಲಿನ ಸಾಮಾನು ಅಡ್ಡಿ. ನಿಮ್ಮ 24 ಕೋರ್ ಕೇಬಲ್ ಒಳಗೆ ನಡುವೆ ಗಾಜಿನ ನಾರಿನ ಗಟ್ಟಿ ಕಡ್ಡಿ ಇದೆ, ಸುತ್ತ ಸಣ್ಣ ಪ್ಲಾಸ್ಟಿಕ್ ಕೊಳವೆಗಳು. ಎಳೆಗಳು ಅದರೊಳಗೆ ಸಡಿಲವಾಗಿ ಕೂತಿರುತ್ತವೆ. ಜಾಸ್ತಿ ಬಗ್ಗಿಸಿದರೆ ಕಡ್ಡಿ ಸೀಳುತ್ತದೆ, ಕೊಳವೆ ನೀರಿನ ಪೈಪ್ ಮಡಚಿದ ಹಾಗೆ ಚಪ್ಪಟೆಯಾಗುತ್ತದೆ. ಆ ಚಪ್ಪಟೆಯಲ್ಲಿ ಎಳೆ ಸಿಕ್ಕಿಕೊಂಡು ಚೂಪಾಗಿ ತಿರುಗುತ್ತದೆ. ನಿಮ್ಮ 6 ಡಿಬಿ ಹೋದದ್ದು ಹಾಗೇ ಇರಬೇಕು.

ಇನ್ನೊಂದು. ಬಾಗಿದ್ದೋ, ಜಾಯಿಂಟ್ ಕೆಟ್ಟದ್ದೋ ಅಂತ ಏಣಿ ಹತ್ತದೇ ತಿಳಿಯಬಹುದು. ಓಟಿಡಿಆರ್‌ನಲ್ಲಿ (ಎಳೆಯೊಳಗೆ ಬೆಳಕು ಬಿಟ್ಟು ನಷ್ಟ ಎಲ್ಲಿದೆ ಅಂತ ತೋರಿಸುವ ಯಂತ್ರ) 1310 ಮತ್ತು 1550 ನ್ಯಾನೋಮೀಟರ್ ತರಂಗಾಂತರ ಎರಡರಲ್ಲೂ ನೋಡಿ. 1550ರಲ್ಲಿ ನಷ್ಟ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ಬಾಗಿದ್ದು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದರೆ ಜಾಯಿಂಟ್.

ಹಾಸನ ಹುಡುಗ
ಪೆನ್ನಿನಂಥ ಟಾರ್ಚ್‌ನಿಂದ ಎಳೆಯೊಳಗೆ ಕೆಂಪು ಬೆಳಕು ಹಾಯಿಸಿದರೆ ಬಾಗಿದ ಜಾಗ ಹೊಳೆಯುತ್ತದಲ್ಲ? ಓಟಿಡಿಆರ್ ಎಲ್ಲರ ಹತ್ತಿರ ಎಲ್ಲಿರುತ್ತೆ ಸರ್.

ಕೋರಮಂಗಲ ನೆಟ್‌ವರ್ಕ್
ಮನೆಯೊಳಗಿನ ಹಳದಿ ಪ್ಯಾಚ್ ಕಾರ್ಡ್‌ನಲ್ಲಿ ಹೊಳೆಯುತ್ತದೆ. ಕಂಬದ ಮೇಲಿನ ಕಪ್ಪು ಕೇಬಲ್‌ನಲ್ಲಿ ಏನೂ ಕಾಣುವುದಿಲ್ಲ. ನಾನೇ ಒಂದು ಸಲ ರಾತ್ರಿ ಹತ್ತು ಗಂಟೆಗೆ ಕತ್ತೆತ್ತಿ ಹುಡುಕಿದವನು.

ಐಟಿಐ ನಿವೃತ್ತ
ಮೊಟ್ಟೆ ಯಾಕೆ ಬಂತು ಅನ್ನೋದಕ್ಕೆ ಬರೋಣ. ಮೂವತ್ತು ವರ್ಷ ಫಿಟ್ಟರ್ ಹುಡುಗರಿಗೆ ಪಾಠ ಮಾಡಿದ್ದೇನೆ, ಎಲ್ಲರೂ ಮೊದಲ ದಿನ ಮಾಡುವ ತಪ್ಪೇ ಇದು.

ಕಬ್ಬಿಣ ಬಗ್ಗಿಸಿ ಬಿಟ್ಟಾಗ ಸ್ವಲ್ಪ ವಾಪಸ್ ಬರುತ್ತದೆ. ಚಿಕ್ಕ ರೇಡಿಯಸ್‌ನಲ್ಲಿ ಬಗ್ಗಿಸಿದರೆ ವಾಪಸ್ ಬರುವುದು ಕಡಿಮೆ, ದೊಡ್ಡ ರೇಡಿಯಸ್‌ನಲ್ಲಿ ಜಾಸ್ತಿ. ಕೇಳೋಕೆ ತಲೆಕೆಳಗು ಅನಿಸುತ್ತದೆ. ದೊಡ್ಡ ಬಾಗಿನಲ್ಲಿ ಪಟ್ಟಿಯ ಮೇಲ್ಪದರ ಮಾತ್ರ ಸೋತಿರುತ್ತದೆ, ನಡುಭಾಗ ಇನ್ನೂ ಸ್ಪ್ರಿಂಗ್ ಆಗಿಯೇ ಇರುತ್ತದೆ. ಅದೇ ವಾಪಸ್ ಎಳೆಯುವುದು. ನಿಮ್ಮದು 3 ಎಂಎಂ ದಪ್ಪಕ್ಕೆ 200 ರೇಡಿಯಸ್, ಬಹಳ ದೊಡ್ಡ ಬಾಗು. ಸಾಮಾನ್ಯ ಎಂಎಸ್ ಅಂದುಕೊಂಡು ಲೆಕ್ಕ ಹಾಕಿದೆ. 400 ಡಯಾ ಬೇಕಾದರೆ ಅಚ್ಚು ಸುಮಾರು 320 ಇರಬೇಕು. 400ರ ಅಚ್ಚಿನ ಮೇಲೆ ನೀವು ದಿನವಿಡೀ ಬಡಿದರೂ 400 ಬರುವುದಿಲ್ಲ. ಬರಲಿಲ್ಲ ಅಂತ ಒಂದೊಂದು ಜಾಗದಲ್ಲಿ ಜೋರಾಗಿ ಹೊಡೆದಿದ್ದೀರಿ, ಅಲ್ಲಿ ಮೂಲೆ ಬಿತ್ತು.

320 ಅನ್ನೋದನ್ನು ಕಣ್ಣು ಮುಚ್ಚಿ ನಂಬಬೇಡಿ. ಪಟ್ಟಿಯ ಬಿಗಿ ಲಾಟ್‌ನಿಂದ ಲಾಟ್‌ಗೆ ಬೇರೆ. ಒಂದು ತುಂಡು ಬಗ್ಗಿಸಿ, ಅಳೆದು, ಅಚ್ಚು ತಿದ್ದಿ.

ಉದ್ದದ ಲೆಕ್ಕವನ್ನೂ ಒಳಗಿನ ಡಯಾಗೆ ಮಾಡಬೇಡಿ, ಪಟ್ಟಿಯ ನಡುವಿಗೆ ಮಾಡಿ. ಒಳಗೆ 400, ದಪ್ಪ 3, ನಡುವಿನ ಡಯಾ 403. ಅದನ್ನು 3.1416ರಿಂದ ಗುಣಿಸಿದರೆ 1266 ಎಂಎಂ. 400ಕ್ಕೇ ಗುಣಿಸಿದ್ದರೆ 1257. ಆ 9 ಎಂಎಂ ಸಂದಿಯನ್ನು ಕೊನೆಗೆ ವೆಲ್ಡರ್ ಬೈದುಕೊಂಡು ತುಂಬುತ್ತಾನೆ.

ಹಾಸನ ಹುಡುಗ
320 ಡಯಾ ಅಂದರೆ ಅಡುಗೆ ಗ್ಯಾಸ್ ಸಿಲಿಂಡರ್! ಎಲ್ಲರ ಮನೆಯಲ್ಲೂ ಅಚ್ಚು ಇದೆ 😄

ಪೀಣ್ಯದ ಪತ್ರಾ
ತಮಾಷೆಗೂ ಬೇಡಪ್ಪ. ಯಾರಾದರೂ ಓದಿ ಮಾಡಿಬಿಡುತ್ತಾರೆ. ಸಿಲಿಂಡರ್ ಮೇಲೆ ಸುತ್ತಿಗೆ ಬೀಳಬಾರದು, ಖಾಲಿ ಇದ್ದರೂ.

ತುಂಗಾತೀರ
ನಿಜ ಹೇಳಲಾ? ನನ್ನ ಕಣ್ಣೂ ಮೊದಲು ಅಲ್ಲಿಗೇ ಹೋಗಿತ್ತು. ಆಮೇಲೆ ಅಜ್ಜಿಯ ಬೀಸುವ ಕಲ್ಲಿನ ಮೇಲೆ ಹೋಯಿತು. ಅಮ್ಮ ನೋಡಿದ ನೋಟಕ್ಕೆ ಅದನ್ನೂ ಬಿಟ್ಟೆ.

ಪೀಣ್ಯದ ಪತ್ರಾ
ನಲವತ್ತು ಬೇಕು ಅಂದರೆ ಮೂರು ರೋಲರ್ ಯಂತ್ರವೇ ಸರಿ. ಕೈಯಲ್ಲಿ ತಿರುಗಿಸುವುದೂ ಸಿಗುತ್ತದೆ. ಕೆಳಗೆ ಎರಡು ರೋಲರ್, ಮೇಲೆ ಒಂದು. ಮೇಲಿನದನ್ನು ಸ್ಕ್ರೂನಲ್ಲಿ ಒತ್ತುತ್ತಾ ಪಟ್ಟಿಯನ್ನು ಹಿಂದೆ ಮುಂದೆ ಓಡಿಸಬೇಕು. ಒಂದೇ ಸಲ ಒತ್ತಬೇಡಿ, ಮೂರು ನಾಲ್ಕು ಸುತ್ತಿನಲ್ಲಿ ಬರಲಿ.

ಒಂದು ತೊಂದರೆ ಇದೆ. ಎರಡೂ ತುದಿ ನೇರವಾಗೇ ಉಳಿಯುತ್ತದೆ, ರೋಲರ್‌ಗೆ ಅದು ಸಿಗುವುದಿಲ್ಲ. ನಮ್ಮ ಶೆಡ್ಡಿನ ಯಂತ್ರದಲ್ಲಿ ಒಂದೊಂದು ತುದಿಗೆ 70 ಎಂಎಂ ಹಾಗೇ ಉಳಿಯುತ್ತದೆ. ಇಲ್ಲಾ ಮೊದಲೇ ತುದಿಯನ್ನು ಸುತ್ತಿಗೆಯಲ್ಲಿ ಬಾಗಿಸಿಕೊಳ್ಳಿ, ಇಲ್ಲಾ ಉದ್ದ ಜಾಸ್ತಿ ಇಟ್ಟು ಆಮೇಲೆ ಕತ್ತರಿಸಿ. ಇನ್ನೂ ಸುಲಭ ಅಂದರೆ ಉದ್ದ ಪಟ್ಟಿಯನ್ನು ಸ್ಪ್ರಿಂಗ್ ಥರ ಸುತ್ತುತ್ತಾ ಹೋಗಿ, ಆಮೇಲೆ ಬಳೆ ಬಳೆಯಾಗಿ ಕೊಯ್ಯಿರಿ. 6 ಮೀಟರ್ ಪಟ್ಟಿಯಲ್ಲಿ ನಾಲ್ಕು ಬಳೆ, ನೇರ ತುದಿ ಎರಡೇ.

ಮತ್ತೆ 25 ಅಗಲ ಸಾಲದು. ನೀವೇ ಲೆಕ್ಕ ಹಾಕಿ. 15 ಮೀಟರ್ ಕೇಬಲ್ ಸುಮಾರು 11 ಸುತ್ತು. 25 ಎಂಎಂ ಮೇಲೆ 10 ಎಂಎಂ ಕೇಬಲ್ ಎರಡು ಕೂರುತ್ತದೆ, ಆರು ಪದರ ಆಗುತ್ತದೆ. 40 ಅಗಲ ತೆಗೆದುಕೊಂಡರೆ ಒಂದು ಪದರಕ್ಕೆ ನಾಲ್ಕು, ಮೂರೇ ಪದರ. ತೂಕ ಮೀಟರ್‌ಗೆ 0.59 ಕೆಜಿ ಇದ್ದದ್ದು 0.94 ಆಗುತ್ತದೆ. ಆಗಲಿ ಬಿಡಿ.

ಕುಂದಾಪುರ ಕಡಲು
ಬಣ್ಣ ಹಚ್ಚಿ ಬಿಡುವ ಯೋಚನೆ ಇದ್ದರೆ ಕೇಳಿ. ನಮ್ಮ ಕಡೆ ಉಪ್ಪುಗಾಳಿಗೆ ಬಣ್ಣ ಒಂದು ಮಳೆಗಾಲಕ್ಕೆ ಎದ್ದು ಬರುತ್ತದೆ. ಅಂಚಿನಿಂದಲೇ ಶುರು. ಆ ತುಕ್ಕು ಹಿಡಿದ ಅಂಚು ಗರಗಸದ ಹಾಗೆ ಕೇಬಲ್ ಸಿಪ್ಪೆ ಕೊಯ್ಯುತ್ತದೆ. ಕರಗಿದ ಸತುವಿನಲ್ಲಿ ಅದ್ದುವ ಗ್ಯಾಲ್ವನೈಸಿಂಗ್ ಮಾಡಿಸಿ. ನಿಮಗೆ ಉಪ್ಪಿಲ್ಲ, ಆದರೆ ಆಗುಂಬೆ ಪಕ್ಕದಲ್ಲೇ ಇದ್ದೀರಿ. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಸುರಿಯುವ ಊರು.

ಹಾಸನ ಹುಡುಗ
ಹಾಗಾದರೆ ಜಿಐ ಪಟ್ಟಿಯನ್ನೇ ತಂದು ಬಗ್ಗಿಸಿದರೆ ಆಗಲ್ವಾ? ಕುಲುಮೆಯಲ್ಲಿ ಕಾಯಿಸಿದರೆ ಬೆಣ್ಣೆ ಥರ ಬಗ್ಗುತ್ತದೆ.

ಐಟಿಐ ನಿವೃತ್ತ
ಜಿಐಯನ್ನು ಕಾಯಿಸಲೇಬೇಡಿ. ಸತುವು 419 ಡಿಗ್ರಿಗೇ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಕುಲುಮೆಯ ಕೆಂಡ ಅದನ್ನು ಸುಲಭವಾಗಿ ದಾಟುತ್ತದೆ. ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಸಂಜೆ ಚಳಿ ಜ್ವರ. ಹಾಲು ಕುಡಿದರೆ ಏನೂ ಆಗಲ್ಲ ಅನ್ನೋದು ವೆಲ್ಡರ್‌ಗಳ ಸುಳ್ಳು ಧೈರ್ಯ. ಮೇಲಾಗಿ ಸತುವು ಹೋದ ಜಾಗದಲ್ಲೇ ಮೊದಲು ತುಕ್ಕು.

ತಣ್ಣಗೆ ಬಗ್ಗಿಸಬಹುದು, 200 ರೇಡಿಯಸ್‌ಗೆ ಲೇಪ ಅಷ್ಟಾಗಿ ಬಿರಿಯುವುದಿಲ್ಲ. ಆದರೆ ಕಿವಿ (ಕೇಬಲ್ ಬಳೆಯಿಂದ ಜಾರದಂತೆ ತಡೆಯುವ ತುಂಡು) ವೆಲ್ಡ್ ಮಾಡಬೇಕಲ್ಲ, ಅಲ್ಲಿ ಮತ್ತೆ ಅದೇ ಹೊಗೆ. ಹಾಗಾಗಿ ಕರಿ ಪಟ್ಟಿ, ಅಂದರೆ ಸತುವಿನ ಲೇಪ ಇಲ್ಲದ್ದು, ತನ್ನಿ. ಬಗ್ಗಿಸಿ, ತೂತು ಹೊಡೆದು, ವೆಲ್ಡ್ ಮಾಡಿ, ಅಂಚು ಅರೆದು, ಎಲ್ಲ ಮುಗಿದ ಮೇಲೆ ಅದ್ದಲು ಕಳಿಸಿ.

ಕಾವೇರಿಯಿಂದ ಟೆಕ್ಸಾಸ್
ಇಲ್ಲಿ ಕಂಬಗಳ ನಡುವಿನ ತಂತಿಗೆ ಟೆನಿಸ್ ರಾಕೆಟ್ ಆಕಾರದ ಬ್ರಾಕೆಟ್ ನೇತುಹಾಕಿರುತ್ತಾರೆ. ಸ್ನೋಶೂ ಅನ್ನುತ್ತಾರೆ, ಹಿಮದ ಮೇಲೆ ನಡೆಯುವ ಚಪ್ಪಲಿಯ ಹಾಗಿದೆ ಅಂತ. ಎರಡು ಸ್ನೋಶೂ ದೂರ ದೂರ ಇಟ್ಟು, ಕೇಬಲ್ ಒಂದರ ತಲೆ ಸುತ್ತಿ ವಾಪಸ್ ಬಂದು ಇನ್ನೊಂದರ ತಲೆ ಸುತ್ತುತ್ತದೆ. ಹೆಚ್ಚಿನವು ಪ್ಲಾಸ್ಟಿಕ್ ಅಥವಾ ಅಲ್ಯುಮಿನಿಯಂ.

ನಿಮ್ಮ ಬಳೆಯಲ್ಲಿ ಒಂದು ಎಚ್ಚರಿಕೆ. ನೆಲದ ಮೇಲಿನ ಸುರುಳಿಯ ಪಕ್ಕದಿಂದ ಕೇಬಲ್ ಎತ್ತಿ ಎತ್ತಿ ಬಳೆಗೆ ಹಾಕಿದರೆ ಒಂದೊಂದು ಸುತ್ತಿಗೆ ಒಂದೊಂದು ಪೂರ್ತಿ ತಿರುಚು ಸೇರುತ್ತದೆ. ಹನ್ನೊಂದು ಸುತ್ತಿಗೆ ಹನ್ನೊಂದು ತಿರುಚು. ಮುಂದೆ ಬಿಚ್ಚಿ ಎಳೆದಾಗ ಅದು ಗಂಟು ಬೀಳುತ್ತದೆ. ನೆಲದ ಮೇಲೆ ಎಂಟರ ಆಕಾರದಲ್ಲಿ ಹಾಸಿಕೊಳ್ಳಿ. ಒಂದು ಅರ್ಧದ ತಿರುಚನ್ನು ಇನ್ನೊಂದು ಅರ್ಧ ಬಿಡಿಸುತ್ತದೆ. ಬಳೆಗೆ ಹಾಕುವಾಗ ಒಂದು ಸುತ್ತು ಮಾಮೂಲಿ, ಇನ್ನೊಂದು ಸುತ್ತು ಕೈ ಮಗುಚಿ ಹಾಕಿ.

ಮೈಸೂರು ಅಕ್ಕ
ನಮ್ಮಮ್ಮ ಬಾವಿ ಹಗ್ಗ ಸುತ್ತಿಡುವುದು ಹೀಗೇ. ಒಂದು ಆ ಕಡೆ, ಒಂದು ಈ ಕಡೆ.

ಕಾವೇರಿಯಿಂದ ಟೆಕ್ಸಾಸ್
ಅದೇ ಅಕ್ಕ, ಅದೇ. ನನಗೆ ಇಲ್ಲಿ ಎರಡು ದಿನ ತರಬೇತಿ ಕೊಟ್ಟು ಕಲಿಸಿದರು!

ತುಂಗಾತೀರ
ಒಂದು ವಾರ ಕಾಣಿಸಲಿಲ್ಲ, ಕ್ಷಮಿಸಿ. ರೋಲರ್ ಯಂತ್ರ ಹುಡುಕಿಕೊಂಡು ಶಿವಮೊಗ್ಗಕ್ಕೆ ಹೋಗಬೇಕು ಅಂತಿದ್ದೆ. ಅಷ್ಟರಲ್ಲಿ ನಮ್ಮ ಲೈನ್‌ಮ್ಯಾನ್ ಹುಡುಗ, "ಅಣ್ಣ, ಪಕ್ಕದೂರಿನ ಕಮ್ಮಾರಜ್ಜನ್ನ ಒಂದು ಮಾತು ಕೇಳಿ" ಅಂದ. ಎಪ್ಪತ್ತು ದಾಟಿದ ಅಜ್ಜ. ಈಗ ಕತ್ತಿ, ಹಾರೆ ತಟ್ಟುವುದು ಬಿಟ್ಟರೆ ಕೆಲಸ ಇಲ್ಲ. ಹಿಂದೆ ಎತ್ತಿನ ಗಾಡಿಯ ಚಕ್ರಕ್ಕೆ ಹಳಿ ಹಾಕುತ್ತಿದ್ದರಂತೆ.

ನನ್ನ ಮೊಟ್ಟೆ ಬಳೆ ಕೈಗೆ ಕೊಟ್ಟೆ. ನಕ್ಕು ಪಕ್ಕಕ್ಕಿಟ್ಟರು. ಅಚ್ಚು ಯಾಕೆ ಬೇಕು ಅಂದರು.

ಮಾಡಿದ್ದು ಇಷ್ಟು. ಸಗಣಿ ಸಾರಿಸಿದ ನೆಲದ ಮೇಲೆ ಮೊಳೆಗೆ ದಾರ ಕಟ್ಟಿ ಸುಣ್ಣದಲ್ಲಿ 400ರ ವೃತ್ತ ಎಳೆದರು. ಒಂದು ದಪ್ಪ ದಿಮ್ಮಿಯಲ್ಲಿ ಎರಡು ಕಬ್ಬಿಣದ ಗೂಟ, ನಡುವೆ ನಾಲ್ಕು ಬೆರಳು ಜಾಗ. ಪಟ್ಟಿಯನ್ನು ಗೂಟಗಳ ಮೇಲೆ ಅಡ್ಡ ಇಟ್ಟು ನಡುವೆ ಒಂದು ಪೆಟ್ಟು. ಎರಡು ಬೆರಳು ಮುಂದೆ ಸರಿಸಿ ಮತ್ತೊಂದು ಪೆಟ್ಟು. ಎಲ್ಲ ಪೆಟ್ಟೂ ಒಂದೇ ತೂಕ. ಜೋರಾಗಿ ಹೊಡೆಯುವುದೇ ಇಲ್ಲ. ತುದಿಯಿಂದ ತುದಿಗೆ ಒಂದು ಸಲ ಹೋದಾಗ ಪಟ್ಟಿ ಸ್ವಲ್ಪವೇ ಬಾಗಿರುತ್ತದೆ. ಎರಡನೇ ಸಲ ಇನ್ನಷ್ಟು. ಮೂರನೇ ಸಲಕ್ಕೆ ಸುಣ್ಣದ ಗೆರೆಯ ಮೇಲೆ ಇಟ್ಟು ನೋಡಿದರು. ಗೆರೆಯಿಂದ ಹೊರಗೆ ಹೋದಲ್ಲಿ ಒಂದು ಪೆಟ್ಟು, ಒಳಗೆ ಬಂದಲ್ಲಿ ಮಗುಚಿ ಹಾಕಿ ಒಂದು ಪೆಟ್ಟು. ಕಾಯಿಸಲೇ ಇಲ್ಲ, ತಿದಿ ಹತ್ತಿರ ಹೋಗಲೂ ಇಲ್ಲ. ಅಜ್ಜ ಮೊದಲು ಮಾಡಿದ್ದೇ ತುದಿಗಳನ್ನು. "ತುದಿ ಕೂತರೆ ಹೊಟ್ಟೆ ತಾನಾಗಿ ಬರುತ್ತೆ" ಅಂದರು. ಮೊದಲ ಬಳೆಗೆ ಇಪ್ಪತ್ತು ನಿಮಿಷ ಆಯಿತು. ನಾಲ್ಕನೆಯದಕ್ಕೆ ಎಂಟೇ ನಿಮಿಷ.

ಉದ್ದದ ಲೆಕ್ಕ 1266 ಅಂತ ಹೇಳಿದೆ. ಅವರು ಕೇಳಲಿಲ್ಲ. ಮೂಲೆಯಿಂದ ಹಿಡಿ ಇರುವ ಸಣ್ಣ ತಟ್ಟೆ ಚಕ್ರ ತೆಗೆದು ಸುಣ್ಣದ ಗೆರೆಯ ಮೇಲೆ ಉರುಳಿಸಿದರು. ಎಷ್ಟು ಸುತ್ತು ಬಂತೋ ಅಷ್ಟು ಸುತ್ತು ಪಟ್ಟಿಯ ಮೇಲೆ ಉರುಳಿಸಿದರು. ಅದರ ಮೇಲೆ ಪಟ್ಟಿಯ ದಪ್ಪ ಮೂರು ಸಲ ಇಟ್ಟು ಗೀಟು ಹಾಕಿದರು. ಟೇಪ್ ಹಿಡಿದೆ. 1265 ಚಿಲ್ಲರೆ.

ಐಟಿಐ ನಿವೃತ್ತ
ದಪ್ಪ ಮೂರು ಸಲ! 3.1416 ಅನ್ನು ಅವರು 3 ಮಾಡಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ನಾನು ಬೋರ್ಡಿನ ಮೇಲೆ ಅರ್ಧ ಗಂಟೆ ಬರೆಯುತ್ತಿದ್ದ ಪಾಠ ಇದು. ಗಾಡಿಯ ಹಳಿಗೆ ಉದ್ದವನ್ನು ಇದಕ್ಕಿಂತ ಸ್ವಲ್ಪ ಕಡಿಮೆ ಇಡುತ್ತಾರೆ. ಕೆಂಪಗೆ ಕಾಯಿಸಿದಾಗ ಹಿಗ್ಗಿ ಮರದ ಮೇಲೆ ಕೂರುತ್ತದೆ, ನೀರು ಹೊಯ್ದಾಗ ಕುಗ್ಗಿ ಚಕ್ರದ ಕೀಲುಗಳನ್ನೆಲ್ಲ ಬಿಗಿಯುತ್ತದೆ. ನಿಮ್ಮ ಬಳೆಗೆ ಆ ಲೆಕ್ಕ ಬೇಡ ಅಂತ ಅವರಿಗೆ ಗೊತ್ತಿತ್ತು ನೋಡಿ.

ಪೀಣ್ಯದ ಪತ್ರಾ
ಎರಡು ಗೂಟ, ನಡುವೆ ಪೆಟ್ಟು. ಮೂರು ರೋಲರ್ ಯಂತ್ರ ಮಾಡುವುದೂ ಅದೇ ಕೆಲಸ. ನಾನು ಯಂತ್ರಕ್ಕೆ ಸಾಲ ಕಟ್ಟುತ್ತಿದ್ದೇನೆ, ಅಷ್ಟೇ. ಆದರೂ 400 ಬಳೆ ಬೇಕು ಅಂದಿದ್ದರೆ ನನ್ನ ಹತ್ತಿರವೇ ಬರಬೇಕಿತ್ತು ಅಂತ ಹೇಳಿಕೊಳ್ಳುತ್ತೇನೆ 🙂

ಅಂಚಿಗೆ ಏನು ಮಾಡಿದಿರಿ?

ತುಂಗಾತೀರ
ಅರೆದು ದುಂಡಗೆ ಮಾಡಿಸಿದೆ. ಅದ್ದಿ ಬಂದ ಮೇಲೆ ಅಂಚಿನಲ್ಲಿ ಅಲ್ಲಲ್ಲಿ ಸತುವಿನ ಹನಿ ಗಟ್ಟಿಯಾಗಿ ಮುಳ್ಳಿನ ಹಾಗೆ ನಿಂತಿತ್ತು. ಅದನ್ನು ಫೈಲ್‌ನಲ್ಲಿ ತೆಗೆದೆವು. ಕೇಬಲ್ ಕೂರುವ ಮುಖಕ್ಕೆ ಇನ್ನೊಂದು ಉಪಾಯ. ನೆಲದಡಿ ಹಾಕುವ 40 ಎಂಎಂ ಎಚ್‌ಡಿಪಿಇ ಪೈಪಿನ ಚೂರುಗಳು ಗೋಡೌನ್‌ನಲ್ಲಿ ಬಿದ್ದಿದ್ದವು. ಉದ್ದಕ್ಕೆ ಸೀಳಿ, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನಾಲ್ಕು ಕಿವಿಗಳಿಗೆ ತೊಡಿಸಿದೆ. ಕೇಬಲ್ ಜಾಸ್ತಿ ಉಜ್ಜುವುದು ಅಲ್ಲೇ.

ಕೋರಮಂಗಲ ನೆಟ್‌ವರ್ಕ್
ಕಟ್ಟೋಕೆ ಏನು ಬಳಸಿದಿರಿ? ದಯವಿಟ್ಟು ಬಿಳಿ ಜಿಪ್ ಟೈ ಅನ್ನಬೇಡಿ. ಬಿಸಿಲಿಗೆ ಪುಡಿಯಾಗುತ್ತದೆ. ಕಪ್ಪು ಟೈ ಬಾಳುತ್ತದೆ, ಆದರೆ ಹುಡುಗರು ಕಟಿಂಗ್ ಪ್ಲೇಯರ್‌ನಲ್ಲಿ ಎಳೆದು ಬಿಗಿಯುತ್ತಾರೆ. ಬ್ರಾಕೆಟ್ ಎಷ್ಟೇ ಗುಂಡಗಿದ್ದರೂ ಟೈ ಕೆಳಗೆ ಕೇಬಲ್ ನಲುಗಿದರೆ ನಿಮ್ಮ ಹಳೆಯ ಕಥೆಯೇ.

ತುಂಗಾತೀರ
ಸೈಕಲ್ ಟ್ಯೂಬ್ ಪಟ್ಟಿ. ಬೆರಳು ಒಳಗೆ ಹೋಗುವಷ್ಟು ಸಡಿಲ. ಹುಡುಗರ ಕೈಯಿಂದ ಪ್ಲೇಯರ್ ಕಿತ್ತುಕೊಂಡಿದ್ದೇನೆ.

ಮೈಸೂರು ಅಕ್ಕ
ನಡುವೆ ಒಂದು ಸಣ್ಣ ಪ್ರಶ್ನೆ. ಮನೆಯೊಳಗೆ ಫೈಬರ್ ಹಾಕಿದವರು ಐದು ಮೀಟರ್ ಹೆಚ್ಚಿಗೆ ಬಿಟ್ಟು ಮೊಳೆಗೆ ನೇತುಹಾಕಿ ಹೋಗಿದ್ದಾರೆ. ಅದಕ್ಕೂ ಇಷ್ಟೆಲ್ಲ ಬೇಕಾ?

ಕೋರಮಂಗಲ ನೆಟ್‌ವರ್ಕ್
ಬೇಡ ಅಕ್ಕ. ಮೊಳೆ ಮಾತ್ರ ತೆಗೆಯಿರಿ, ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಗೋಡೆಗೆ ಹೊಡೆದು ಅದರ ಸುತ್ತ ಸುತ್ತಿ ಸಾಕು.

ಕುಂದಾಪುರ ಕಡಲು
ಒಟ್ಟು ಖರ್ಚು ಎಷ್ಟಾಯಿತು? ಸಿಗ್ನಲ್ ಹೇಗಿದೆ? ಅದನ್ನು ಹೇಳದೇ ಓಡಬೇಡಿ.

ತುಂಗಾತೀರ
40×3 ಪಟ್ಟಿ, ಹಿಂದೆ ಕಂಬಕ್ಕೆ ಅಡ್ಡಪಟ್ಟಿ, ಎರಡು ಯು ಕ್ಲಾಂಪ್, 50 ಎಂಎಂ ಎತ್ತರದ ನಾಲ್ಕು ಕಿವಿ. ಒಂದೊಂದು ಎರಡು ಕೆಜಿ ಹತ್ತಿರ. ಅಜ್ಜನ ಕೂಲಿ, ವೆಲ್ಡಿಂಗ್, ಅದ್ದಿದ್ದು, ಸಾಗಾಟ ಎಲ್ಲ ಸೇರಿ ಒಂದಕ್ಕೆ 310 ರೂಪಾಯಿ ಬಿತ್ತು. ಅಜ್ಜ ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಟ್ಟೆ.

ಇಪ್ಪತ್ತಾರು ಕಂಬಕ್ಕೆ ಹಾಕಿ ಆಯಿತು. ಮೊದಲು ತೊಂದರೆ ಕೊಟ್ಟ ಲೈನಿನಲ್ಲಿ ಈಗ ಮೈನಸ್ 21.2. ಎರಡು ದೊಡ್ಡ ಗಾಳಿ ಮಳೆ ಕಂಡಿದೆ, ಅಲ್ಲಾಡಿಲ್ಲ. ಒಂದು ಕಡೆ ಅಡಿಕೆ ಮರ ಬಿದ್ದು ಲೈನ್ ಜಗ್ಗಿತು. ಬಳೆಯಿಂದ ಮೂರು ಸುತ್ತು ಬಿಚ್ಚಿ ಎಳೆದುಕೊಂಡೆವು, ಗಂಟು ಬೀಳಲಿಲ್ಲ. ಟೆಕ್ಸಾಸ್ ಅಣ್ಣನಿಗೂ ಬಾವಿ ಹಗ್ಗದ ಅಮ್ಮನಿಗೂ ಥ್ಯಾಂಕ್ಸ್.

ಒಂದು ಹೊಸ ತೊಂದರೆ ಮಾತ್ರ ಬಂದಿದೆ. ಬಳೆಯ ಒಳಗೆ, ಮಳೆ ತಾಗದ ಮೂಲೆಯಲ್ಲಿ, ಮೂರು ಕಂಬದಲ್ಲಿ ಕಣಜ ಗೂಡು ಕಟ್ಟಿದೆ. ನಮ್ಮ ಲೈನ್‌ಮ್ಯಾನ್ ಹುಡುಗನ ಕಣ್ಣು ಎರಡು ದಿನ ಮುಚ್ಚಿಕೊಂಡೇ ಇತ್ತು. ಇದಕ್ಕೆ ಯಾರ ಹತ್ತಿರ ಉಪಾಯ ಇದೆ?

ಹಾಸನ ಹುಡುಗ
ಅದಕ್ಕೂ ಕಮ್ಮಾರಜ್ಜನ್ನೇ ಕೇಳಿ.